ಹುಲ್ಲುಹಾಸಿನ ಕೊನ್ನಾರಿಯನ್ನು ಕೀಳಲು ಹೋಗಬೇಡಿ
ಹುಲ್ಲುಹಾಸಿನಲ್ಲಿ ಉಳಿದ ಹುಲ್ಲಿಗಿಂತ ಬೇಗ ತಲೆಯೆತ್ತುವ, ಹೊಳೆಯುವ ಎಲೆಯ ಕಳೆ ಕಂಡರೆ ಅದರ ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ. ಮೂರು ಏಣುಗಳು ತಗುಲಿದರೆ ಅದು ಕೊನ್ನಾರಿ, ಅಂದರೆ ಜೇಕು. ಹುಲ್ಲಿನ ಕಾಂಡಕ್ಕೆ ಏಣುಗಳಿರುವುದಿಲ್ಲ. ಇದನ್ನು ಕೈಯಿಂದ ಕೀಳಬೇಡಿ. ನೆಲದಡಿ ಇದರ ಗಡ್ಡೆಗಳು ಸರಪಳಿಯಂತೆ ಜೋಡಿಕೊಂಡಿರುತ್ತವೆ. ಕೊಂಡಿ ಕಳಚಿದೊಡನೆ ಅದುವರೆಗೆ ಮಲಗಿದ್ದ ಗಡ್ಡೆಗಳೂ ಚಿಗುರುತ್ತವೆ, ಒಂದಿದ್ದುದು ನಾಲ್ಕಾಗುತ್ತದೆ. ಬದಲಿಗೆ ಹ್ಯಾಲೋಸಲ್ಫ್ಯುರಾನ್ ಮೀಥೈಲ್ ಕಳೆನಾಶಕವನ್ನು ಎಳೆಯ ಗಿಡದ ಎಲೆಗಳ ಮೇಲೆ ಸಿಂಪಡಿಸಿ. ಎಲೆ ಹೀರಿದ ಔಷಧ ಗಡ್ಡೆಯವರೆಗೂ ಇಳಿಯುತ್ತದೆ. ಗಡ್ಡೆಗೆ ತಲುಪದ ಯಾವ ಉಪಾಯವೂ ಬರಿಯ ಕ್ಷೌರ. ಸಿಂಪಡಿಸುವ ಎರಡು ದಿನ ಮೊದಲು ಮತ್ತು ನಂತರ ಹುಲ್ಲು ಕತ್ತರಿಸಬೇಡಿ, ಎಲೆಯೇ ಇಲ್ಲದಿದ್ದರೆ ಔಷಧ ಒಳಹೋಗುವ ದಾರಿಯೇ ಇರುವುದಿಲ್ಲ. ಸಿಂಪಡಿಸಿದ ಕೂಡಲೇ ಮಳೆ ಬಂದರೂ ಕೆಲಸ ಕೆಡುತ್ತದೆ. ಚಿಗುರದೆ ಮಲಗಿರುವ ಗಡ್ಡೆಗಳಿಗೆ ಇದು ತಟ್ಟುವುದಿಲ್ಲ. ಆರರಿಂದ ಹತ್ತು ವಾರಗಳಲ್ಲಿ ಹೊಸ ಚಿಗುರು ಕಂಡರೆ ಮತ್ತೊಮ್ಮೆ ಸಿಂಪಡಿಸಬೇಕು. ಪ್ರಮಾಣಕ್ಕೂ, ನಿಮ್ಮ ಹುಲ್ಲಿನ ತಳಿಗೆ ಹೊಂದುತ್ತದೆಯೇ ಎಂಬುದಕ್ಕೂ ಡಬ್ಬಿಯ ಮೇಲಿನ ಸೂಚನೆಯೇ ಆಧಾರ. ಗ್ಲೈಫೋಸೇಟ್ ಎಂಬ ಕಳೆನಾಶಕ ಮಾತ್ರ ಬೇಡ, ಅದು ಹುಲ್ಲನ್ನೂ ಸುಡುತ್ತದೆ.