ಮಾರುತಿ 800ರ ಎಂಜಿನ್ ಕೆಲಸಕ್ಕೆ ನಾನು ದುಡ್ಡು ಹೊಂದಿಸಿದ್ದು ಹೀಗೆ

ಎಂಜಿನ್ ಕೆಲಸಕ್ಕೆ ಎಷ್ಟಾಗ್ತದೆ ಅಂತ ಯಾವ ಮೆಕ್ಯಾನಿಕ್ ಹತ್ರ ಕೇಳಿದ್ರೂ ಉತ್ತರ ಒಂದೇ, "ಬಿಚ್ಚದೆ ಹೇಳ್ಲಿಕ್ಕೆ ಆಗುದಿಲ್ಲ ಭಟ್ರೆ". ಜಾರಿಕೊಳ್ಳುವ ಮಾತಲ್ಲ ಅದು, ನಿಜವೇ. ಆದ್ರೆ ಬಿಚ್ಚಿದ ಮೇಲೆ ಹೇಳುವಾಗ ನಮ್ಮ ಗಾಡಿ ಅರ್ಧ ಗೋಣಿಯಲ್ಲಿ ಅರ್ಧ ಡಬ್ಬಿಯಲ್ಲಿ ಇರ್ತದೆ, ಆಗ ಬೇಡ ಹೇಳುವ ಧೈರ್ಯ ಯಾರಿಗುಂಟು ಮಾರಾಯ್ರೆ? ಹಾಗಾಗಿ ನನ್ನ 2009ರ ಮಾಡೆಲ್ 800 ಕೊಡುವ ಮೊದಲೇ ಲೆಕ್ಕವನ್ನು ಎರಡು ಪಾಲು ಮಾಡಿದೆ. ಬಿಚ್ಚದೆಯೂ ಗೊತ್ತಿರುವ ಖರ್ಚು ಒಂದು, ಲೇತಿನಲ್ಲಿ (ಎಂಜಿನ್ ಭಾಗಗಳನ್ನು ಅಳೆದು ಕಡೆದು ಕೊಡುವ ವರ್ಕ್‌ಶಾಪ್) ಅಳತೆ ಹಿಡಿದ ಮೇಲೆ ಮಾತ್ರ ಗೊತ್ತಾಗುವ ಖರ್ಚು ಇನ್ನೊಂದು. ಎರಡೂ ಸೇರಿ 40,000 ದಾಟ್ತದೆ ಅಂತಾದ್ರೆ ಬಿಚ್ಚಿದ ಹಾಗೆಯೇ ಮಾರಿಬಿಡುವುದು ಅಂತ ಮನೆಯಲ್ಲಿ ಮೊದಲೇ ಮಾತಾಗಿತ್ತು.

ಅಷ್ಟು ದುಡ್ಡಿಗೆ ಬೇರೆ ಸೆಕೆಂಡ್ ಹ್ಯಾಂಡ್ ಗಾಡಿಯೇ ಬರ್ತದಲ್ಲ ಅಂತ ಹೇಳುವವರು ತುಂಬ ಜನ. ಬರ್ತದೆ, ಆದ್ರೆ ಅದರ ಎಂಜಿನ್ ಒಳಗೆ ಎಂತ ಉಂಟು ಅಂತ ಗೊತ್ತಾಗುವುದು ತಂದ ಮೇಲೆ. ನನ್ನದರ ಬಾಡಿ ತುಕ್ಕು ಹಿಡಿದಿಲ್ಲ (ಕುಂಬಳೆ, ಉಪ್ಪಳ ಕಡೆ ಸಮುದ್ರದ ಗಾಳಿಗೆ ನಿಂತ ಗಾಡಿಗಳ ಫ್ಲೋರ್ ಒಮ್ಮೆ ಅಡಿಯಿಂದ ನೋಡಿ, ಆಗ ಗೊತ್ತಾಗ್ತದೆ ಇದು ಎಷ್ಟು ದೊಡ್ಡ ವಿಷಯ ಅಂತ), ಗೇರ್ ಬಾಕ್ಸ್ ಸರಿ ಉಂಟು, 15 ವರ್ಷಕ್ಕೆ ಮಾಡಿಸುವ ಆರ್‌ಸಿ ರಿನ್ಯೂವಲ್ 2024ರಲ್ಲಿ ಆಗಿದೆ, ಇನ್ನು 2029ರವರೆಗೆ ಆ ತಲೆಬಿಸಿ ಇಲ್ಲ. ಇದರಲ್ಲಿ ಒಂದು ಇಲ್ಲದಿದ್ರೂ ನಾನು ಎಂಜಿನ್‌ಗೆ ಕೈ ಹಾಕ್ತಿರ್ಲಿಲ್ಲ. ಗುಜರಿಯಿಂದ ಹಳೆ ಎಂಜಿನ್ ತಂದು ಕೂರಿಸುವ ದಾರಿಯೂ ಉಂಟು, ಅಗ್ಗವೂ ಹೌದು, ಆದ್ರೆ ಎಂಜಿನ್ ನಂಬರ್ ಬದಲಾದ್ರೆ ಆರ್‌ಸಿಯಲ್ಲಿ ತಿದ್ದಿಸ್ಲಿಕ್ಕೆ ಆರ್‌ಟಿಒ ಆಫೀಸಿಗೆ ಅಲೆಯಬೇಕು, ಅಲ್ದೆ ಅದೂ ಯಾರೋ ಓಡಿಸಿ ಸವೆದದ್ದೇ.

ದುಡ್ಡಿನ ಮಾತಿಗೆ ಮೊದಲು ನಿಜವಾಗಿ ಎಂಜಿನ್ ಇಳಿಸಬೇಕಾ ಅಂತ ನೋಡುವುದು ಮುಖ್ಯ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಒಂದು ಬುಸ್ಸ್ ನೀಲಿ ಹೊಗೆ ಬಂದು ನಿಂತ್ರೆ ಹೆಚ್ಚಾಗಿ ಅದು ವಾಲ್ವ್ ಸೀಲ್, ಅದು ಸಣ್ಣ ಕೆಲಸ. ನನ್ನದು ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವಾಗ ಏರಿನಲ್ಲೆಲ್ಲ ಹೊಗೆ, ಎಂಜಿನ್ ಓಡ್ತಾ ಇರುವಾಗ ಆಯಿಲ್ ಮುಚ್ಚಳ ತೆಗೆದ್ರೆ ಅಲ್ಲಿಂದಲೂ ಹೊಗೆ. ಕಂಪ್ರೆಶನ್ ಟೆಸ್ಟ್ ಮಾಡಿಸಿದೆ. ಪ್ಲಗ್ ತೆಗೆದು ಅಲ್ಲಿ ಒತ್ತಡ ತೋರಿಸುವ ಗೇಜ್ ಹಿಡಿದು ಸ್ಟಾರ್ಟರಿನಲ್ಲಿ ಎಂಜಿನ್ ತಿರುಗಿಸುವುದು, ಮತ್ತೆ ಸಿಲಿಂಡರ್ ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ ಹಿಡಿಯುವುದು. ಆಯಿಲ್ ಬಿಟ್ಟ ಮೇಲೆ ಮುಳ್ಳು ಮೇಲೆ ಹೋದ್ರೆ ಪಿಸ್ಟನ್ ಸುತ್ತ ಇರುವ ರಿಂಗ್, ಅದು ಉಜ್ಜುವ ಸಿಲಿಂಡರಿನ ಒಳಮೈ ಅಂದ್ರೆ ಬೋರ್ ಸವೆದಿದೆ ಅಂತ ಲೆಕ್ಕ, ಹೋಗದಿದ್ರೆ ವಾಲ್ವ್ ಕಡೆ ಸಂಶಯ. ನನ್ನದರಲ್ಲಿ ಮೇಲೆ ಹೋಯ್ತು. ಕಾರಣ ಕೇಳಿದ್ರೆ ನಮ್ಮ ತೋಟದ ಮಣ್ಣು ರಸ್ತೆಯೇ, ಬೇಸಿಗೆಯಲ್ಲಿ ಮುರ ಮಣ್ಣಿನ ಧೂಳು ಏರ್ ಫಿಲ್ಟರ್ ದಾಟಿ ಒಳಗೆ ಹೋದ್ರೆ ಬೋರ್ ತಿನ್ನದೆ ಬಿಡುದಿಲ್ಲ.

ಗೊತ್ತಿರುವ ಖರ್ಚು 17,000 ಬಂತು. ಎಂಜಿನ್ ಇಳಿಸಿ, ಬಿಚ್ಚಿ, ಕಟ್ಟಿ, ಏರಿಸ್ಲಿಕ್ಕೆ ಮೆಕ್ಯಾನಿಕ್ ಕೂಲಿ 9,000 ಅಂತ ಮಾತಾಡಿದ್ದು, ಮತ್ತೆ ಫುಲ್ ಗ್ಯಾಸ್ಕೆಟ್ ಸೆಟ್, ಆಯಿಲ್ ಸೀಲುಗಳು, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಫಿಲ್ಟರ್, ಕೂಲೆಂಟ್, ಆಯಿಲ್ ಎರಡು ಸರ್ತಿಗೆ ಸೇರಿ 8,000. ಆಯಿಲ್ ಎರಡು ಸರ್ತಿ ಯಾಕೆ ಅಂದ್ರೆ ಹೊಸ ರಿಂಗ್ ಕೂರುವಾಗ ಲೋಹದ ಪುಡಿ ಬೀಳ್ತದೆ, ಮೊದಲ ಆಯಿಲ್ 1,000 ಕಿಲೋಮೀಟರ್ ಆಗುವಷ್ಟರಲ್ಲಿ ಚೆಲ್ಲಬೇಕು, ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯದಿದ್ರೆ ಆಮೇಲೆ "ಇನ್ನು ಸ್ವಲ್ಪ ಓಡ್ಲಿ" ಅಂತಲೇ ಆಗುವುದು. ಈ 17,000 ಕೈಯಲ್ಲಿ ಇತ್ತು. ಬಾಕಿದ್ದಕ್ಕೆ ಒಂದು ಗೋಣಿ ಹಳೆ ಚಾಲಿ ಅಡಿಕೆ ಮಾರದೆ ಇಟ್ಟೆ, ಲೇತಿನ ಅಳತೆ ಬಂದ ಮೇಲೆ ಕೊಡುವ ಅಂತ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅಟ್ಟದಲ್ಲಿರುವ ಅಡಿಕೆಯೇ ನಮ್ಮ ಬ್ಯಾಂಕ್, ಬೇಕಾದಾಗ ಮಾತ್ರ ತೆಗೆಯುವುದು.

ಬ್ಲಾಕ್ (ಸಿಲಿಂಡರ್ ಇರುವ ಭಾಗ), ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ), ಹೆಡ್ (ವಾಲ್ವ್ ಇರುವ ಮೇಲಿನ ಭಾಗ) ಮೂರೂ ಮಂಗಳೂರಿನ ಲೇತಿಗೆ ಹೋಯ್ತು, ಹೋಗಿ ಬರುವ ಬಾಡಿಗೆ 1,800. ಇದನ್ನು ಯಾರೂ ಎಸ್ಟಿಮೇಟಿನಲ್ಲಿ ಬರೆಯುದಿಲ್ಲ, ನೀವು ಬರ್ಕೊಳ್ಳಿ. ನಾನೂ ಒಟ್ಟಿಗೇ ಹೋದೆ, ಯಾಕಂದ್ರೆ ಅಳತೆ ಹಿಡಿಯುವಾಗ ನಾವು ಎದುರಿದ್ರೆ ಒಳ್ಳೆದು. ಬೋರಿನ ಮೇಲ್ತುದಿಯಲ್ಲಿ ಉಗುರು ಎಳೆದು ನೋಡಿ ಅಂದ್ರು ಲೇತಿನವರು, ರಿಂಗ್ ತಲುಪದ ಜಾಗದಲ್ಲಿ ಒಂದು ಮೆಟ್ಟಿಲಿನ ಹಾಗೆ ಉಗುರು ತಡೆದು ನಿಲ್ತದೆ, ಅದರ ಕೆಳಗಿನದ್ದೆಲ್ಲ ಸವೆದು ಹೋದದ್ದು. ಕಂಪೆನಿ ಬೋರ್ 68.5 ಎಂಎಂ, ಡಯಲ್ ಗೇಜಿನಲ್ಲಿ ಒಂದು ಸಿಲಿಂಡರ್ 0.18 ಹೆಚ್ಚು ತೋರಿಸ್ತು, ಅದೂ ಮೇಲೆ ಹೆಚ್ಚು ಕೆಳಗೆ ಕಡಿಮೆ. 0.25 ಓವರ್‌ಸೈಜಿಗೆ ಬೋರ್ ಹೊಡೆದ್ರೆ, ಅಂದ್ರೆ ಅಷ್ಟು ಅಗಲ ಮಾಡಿ ಅದಕ್ಕೆ ಸರಿಯಾದ ದೊಡ್ಡ ಪಿಸ್ಟನ್ ಹಾಕಿದ್ರೆ, ಸಾಕಾಗುದಿಲ್ಲವಾ ಅಂತ ಕೇಳಿದೆ. ಸವೆತ ಒಂದೇ ಬದಿಗೆ ಇರುವ ಕಾರಣ ಅಷ್ಟರಲ್ಲಿ ಬೋರ್ ಪೂರ್ತಿ ಕ್ಲೀನ್ ಆಗುದಿಲ್ಲ, 0.50ಗೇ ಹೋಗಬೇಕು ಅಂದ್ರು. ಒಂದು ಸಿಲಿಂಡರಿಗೆ 0.50 ಆದ್ರೆ ಮೂರಕ್ಕೂ ಅದೇ. ಮುಂದೆ ಇನ್ನೊಮ್ಮೆ ಸವೆದ್ರೆ ಬೋರ್ ಒಳಗೆ ಸ್ಲೀವ್ (ಲೋಹದ ಕೊಳವೆ) ಹಾಕುವುದು ಬಿಟ್ಟು ಬೇರೆ ದಾರಿ ಇಲ್ಲ, ಅದೂ ಗೊತ್ತಿರ್ಲಿ.

ಇಲ್ಲೊಂದು ವಿಷಯ ಜಾಗ್ರತೆ. ಬಿಚ್ಚುವ ಮೊದಲೇ ಪಿಸ್ಟನ್ ಸೆಟ್ ತಂದಿಡಬೇಡಿ, ಸೈಜ್ ಯಾವುದು ಅಂತ ಆಗ ಗೊತ್ತಿರುದಿಲ್ಲ, ಬೋರ್ ಹೊಡೆಸಿದ ಮೇಲೂ ತರಬೇಡಿ. ಅಳತೆ ಆಗಿ ಸೈಜ್ ನಿಶ್ಚಯ ಆದ ಮೇಲೆ ತಂದು ಲೇತಿನವರ ಕೈಗೆ ಕೊಡಬೇಕು, ಆ ಪಿಸ್ಟನನ್ನೇ ಅಳೆದು ಎಷ್ಟು ಸಂದು ಬೇಕೋ ಅಷ್ಟು ಬಿಟ್ಟು ಅವರು ಬೋರ್ ಹೊಡೆಯುವುದು. ಬೋರಿಂಗ್, ಹೋನಿಂಗ್ (ಬೋರಿನ ಒಳಮೈ ಕಲ್ಲಿನಲ್ಲಿ ಉಜ್ಜುವುದು), ಪಿಸ್ಟನ್, ರಿಂಗ್ ಎಲ್ಲ ಸೇರಿ 6,000. ಕ್ರ್ಯಾಂಕ್ ಗ್ರೈಂಡಿಂಗ್ ಬೇಕಾಗ್ತದೆ ಅಂತ ಹೆದರಿದ್ದೆ, ಅಳತೆ ಸ್ಟ್ಯಾಂಡರ್ಡಿನ ಒಳಗೇ ಇತ್ತು, ಪಾಲಿಶ್ 500, ಸ್ಟ್ಯಾಂಡರ್ಡ್ ಬೇರಿಂಗ್ 2,000. ಹೆಡ್ಡಿಗೆ ವಾಲ್ವ್ ಗೈಡ್, ವಾಲ್ವ್ ಕೂರುವ ಸೀಟ್ ಕಟ್ಟಿಂಗ್, ಅಡಿ ಸಮ ಮಾಡುವ ಫೇಸಿಂಗ್ ಸೇರಿ 3,500. ಪಾರ್ಟ್ಸ್ ತಗೊಳ್ಳುವಾಗ ಪೆಟ್ಟಿಗೆ ಮೇಲಿನ ಎಂಆರ್‌ಪಿ ನೋಡಿ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28 ಇದ್ದದ್ದು 18ಕ್ಕೆ ಇಳಿದಿದೆ, ಹಳೆ ಸ್ಟಾಕ್ ಹಳೆ ರೇಟಿಗೇ ಕೊಟ್ರೆ ಕೇಳ್ಬೇಕು. ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೇನೆ ಅಂತ ಒಂದು ಅಂಗಡಿಯಲ್ಲಿ ಹೇಳಿದ್ರು, ಪಿಸ್ಟನ್ ಬೇರಿಂಗ್ ಬಿಲ್ ಇಲ್ಲದೆ ತಗೊಳ್ಳುವ ಪೈಕಿ ನಾನಲ್ಲ, ನಾಳೆ ಡುಪ್ಲಿಕೇಟ್ ಅಂತಾದ್ರೆ ಎಂತ ತೋರಿಸುವುದು?

ಇಷ್ಟಕ್ಕೆ ಒಟ್ಟು 30,800. ನಿಜವಾದ ಪರೀಕ್ಷೆ ಇನ್ನು ಶುರು. "ಹೇಗೂ ಬಿಚ್ಚಿದ್ದೇವಲ್ಲ, ಅದನ್ನೂ ಹಾಕಿಬಿಡುವ" ಅನ್ನುವ ಮಾತಿದೆಯಲ್ಲ, ಬಜೆಟ್ ಹಾಳಾಗುವುದು ಅಲ್ಲಿಯೇ. ನಾನು ಒಂದೇ ಪ್ರಶ್ನೆ ಕೇಳಿದೆ, ಇದನ್ನು ಆರು ತಿಂಗಳು ಬಿಟ್ಟು ಮಾಡಿದ್ರೆ ಎಂಜಿನ್ ಪುನಃ ಇಳಿಸಬೇಕಾ? ಕ್ಲಚ್ ಪ್ಲೇಟ್ ಸವೆದಿತ್ತು, ಅದಕ್ಕೆ ಕೂಲಿ ಪುನಃ ಬೀಳ್ತದೆ, ಹಾಕಿದೆ, 2,800. ಎಂಜಿನ್ ಮೌಂಟಿಂಗ್ ರಬ್ಬರ್ 1,400, ರೇಡಿಯೇಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದು 1,200, ಹೊಸ ಎಂಜಿನ್ ಬಿಸಿ ಹತ್ತಿ ಹೆಡ್ ಬಾಗಿದ್ರೆ ಮಾಡಿದ್ದೆಲ್ಲ ನೀರಿಗೆ ಅಲ್ವಾ. ಆಲ್ಟರ್ನೇಟರ್, ಸ್ಟಾರ್ಟರ್, ಸೈಲೆನ್ಸರ್ ಹೊರಗಿನಿಂದಲೇ ಯಾವಾಗ ಬೇಕಾದ್ರೂ ಬಿಚ್ಚಬಹುದು, ಅದಕ್ಕೆ ಬೇಡ ಅಂದೆ. ಮೆಕ್ಯಾನಿಕ್ ಮುಖ ಸ್ವಲ್ಪ ಹುಳಿ ಮಾಡಿದ್ರು, ಇರ್ಲಿ.

ಕಡೆಗೆ ಆದದ್ದು 36,200. ದುಡ್ಡು ಬೇಡದ ಒಂದು ಕೆಲಸ ಮಾತ್ರ ನಾನೇ ನಿಂತು ಮಾಡಿಸಿದೆ, ಲೇತಿನಿಂದ ಬಂದ ಬ್ಲಾಕನ್ನು ಸೋಪಿನ ನೀರು ಹಾಕಿ ಬ್ರಶ್‌ನಲ್ಲಿ ತಿಕ್ಕಿ ತೊಳೆಯುವುದು, ಬಿಳಿ ಬಟ್ಟೆಗೆ ಆಯಿಲ್ ಮುಟ್ಟಿಸಿ ಬೋರ್ ಒರೆಸಿದ್ರೆ ಕಪ್ಪು ಹಿಡಿಯಬಾರದು, ಅಲ್ಲಿವರೆಗೆ. ಹೋನಿಂಗ್ ಪುಡಿ ಒಳಗೆ ಉಳಿದ್ರೆ ಹೊಸ ರಿಂಗನ್ನು ಅದೇ ತಿಂದು ಹಾಕ್ತದೆ.

ಡೀಸೆಲ್ ಗಾಡಿಯವರು ಮಾತ್ರ ಈ ಲೆಕ್ಕ ಹಿಡ್ಕೊಂಡು ಹೋಗಬೇಡಿ. ಅದರಲ್ಲಿ ಇಂಜೆಕ್ಟರ್, ಪಂಪ್, ಟರ್ಬೊ ಅಂತ ಬೇರೆಯೇ ಒಂದು ಪಟ್ಟಿ ಉಂಟು, ಎಂಜಿನ್ ಇಳಿಸುವ ಮೊದಲೇ ಇಂಜೆಕ್ಟರ್ ಟೆಸ್ಟ್ ಮಾಡಿಸಿ ಅದರ ರೇಟ್ ಕೈಯಲ್ಲಿ ಹಿಡಿದ ಮೇಲೆಯೇ ಎಷ್ಟರವರೆಗೆ ಹೋಗುವುದು ಅಂತ ನಿಶ್ಚಯ ಮಾಡಿ.