ಜೀಪಿನ ತಳಕ್ಕೆ ಬೆಡ್ ಲೈನರ್: ಬಳಿಯುವುದಕ್ಕೆ ಮುಂಚಿನ ಒಂಬತ್ತು ದಿನಗಳು

ಕ್ಲಚ್ ಪೆಡಲಿನ ಕೆಳಗೆ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲನೆ ಒತ್ತಿದೆ. ಕಪ್ಪು ಲೇಪನ ತುಸು ಬಗ್ಗಿತು, ಮರುಕ್ಷಣ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗಿಳಿಯಿತು. ಮೇಲಿನಿಂದ ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಆ ಜಾಗದಲ್ಲಿ ತಗಡೇ ಉಳಿದಿರಲಿಲ್ಲ. ಇಷ್ಟು ದಿನ ನನ್ನ ಕಾಲಿನ ಭಾರ ಹೊತ್ತಿದ್ದು ಬರೀ ಲೇಪನ. ನಾಲ್ಕು ಮಳೆಗಾಲದ ಹಿಂದೆ ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಬಳಿಸಿದ್ದ ಬೆಡ್ ಲೈನರ್ ಅದು. ಬೆಳಿಗ್ಗೆ ಗಾಡಿ ಬಿಟ್ಟು ಸಂಜೆ ತಂದಿದ್ದೆವು. ಒಂದೇ ದಿನದಲ್ಲಿ ಮುಗಿಯಿತು ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಗಾಡಿ ಅಪ್ಪನ ಕಾಲದ ಮಹೀಂದ್ರ ಸಿಜೆ ಜೀಪು. ಬಾಗಿಲಿಲ್ಲ, ಮೇಲೆ ಕ್ಯಾನ್ವಾಸ್ ಹೊದಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ತಳ ಒಣಗುವುದೇ ಅಪರೂಪ. ಆದರೆ ಈ ತಗಡನ್ನು ತಿಂದದ್ದು ಮಳೆ ಒಂದೇ ಅಲ್ಲ. ಹಿಂದುಗಡೆ ನಾವು ಪೊಟ್ಯಾಷ್ ಗೊಬ್ಬರದ ಚೀಲ ಹೇರುತ್ತೇವೆ, ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತವನ್ನೂ (ತಾಮ್ರದ ಸಲ್ಫೇಟ್) ಅದರಲ್ಲೇ ತರುತ್ತೇವೆ. ಪೊಟ್ಯಾಷ್ ಎಂದರೆ ಕ್ಲೋರೈಡ್ ಉಪ್ಪು. ಗಾಳಿಯ ತೇವವನ್ನೇ ಹೀರಿಕೊಂಡು ತಗಡಿನಲ್ಲಿ ಸೂಜಿಮೊನೆಯಂಥ ಕುಳಿ ಕೊರೆಯುತ್ತದೆ. ಮೈಲುತುತ್ತದ ಗುಣ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿದ ಮೇಲೆ ಉಜ್ಜಿದ ಕುಡುಗೋಲನ್ನು ಅದ್ದಿ ನೋಡುತ್ತೇವಲ್ಲ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ತಿಳಿಯುತ್ತೇವಲ್ಲ, ಆ ಕುಡುಗೋಲಿಗೆ ಆಗುವುದೇ ಜೀಪಿನ ತಳಕ್ಕೂ ಆಗುತ್ತದೆ. ಚೀಲದ ಹೊಲಿಗೆಯಿಂದ ಉದುರಿದ ನೀಲಿ ಹರಳು ಒದ್ದೆ ತಗಡಿನ ಮೇಲೆ ಕರಗಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ, ತಾಮ್ರ ಕೂತ ಜಾಗದ ಸುತ್ತ ತುಕ್ಕು ಇನ್ನೂ ಬೇಗ ಹಬ್ಬುತ್ತದೆ.

ಅದಕ್ಕೇ ಬೆಡ್ ಲೈನರ್ ನಮ್ಮಂಥವರಿಗೆ ಒಳ್ಳೆಯ ವಸ್ತು. ಪಿಕಪ್ ಗಾಡಿಗಳ ಸರಕು ತೊಟ್ಟಿಗೆ ಬಳಿಯುವ, ಗಟ್ಟಿ ರಬ್ಬರಿನಂತೆ ಒರಟಾಗಿ ಕೂರುವ ಪಾಲಿಯುರೆಥೇನ್ ಲೇಪನ ಇದು. ಚೀಲ ಎಳೆದರೂ, ಗುದ್ದಲಿ ಬಿದ್ದರೂ ತಡೆಯುತ್ತದೆ. ಅದರ ಗಟ್ಟಿತನವೇ ಒಂದು ಅಪಾಯವೂ ಹೌದು. ಸಾಧಾರಣ ಬಣ್ಣದ ಅಡಿ ತುಕ್ಕು ಬಂದರೆ ಬಣ್ಣ ಗುಳ್ಳೆಯೆದ್ದು ಹೇಳಿಬಿಡುತ್ತದೆ. ಇದು ಹೇಳುವುದಿಲ್ಲ, ಅಡಿಯಲ್ಲಿ ನೀರನ್ನು ಹಿಡಿದುಕೊಂಡು ಕೂರುತ್ತದೆ.

ಈ ಸಲ ನಾನೇ ಮಾಡುವುದೆಂದು ತೀರ್ಮಾನಿಸಿದೆ. ಕಾಫಿ ಕೊಯ್ಲು ಮುಗಿದು ಹೂಮಳೆ ಬೀಳುವ ಮೊದಲಿನ ಬಿಡುವನ್ನು ಹಿಡಿದುಕೊಂಡೆ. ನಮ್ಮಲ್ಲಿ ಈ ಕೆಲಸಕ್ಕೆ ಬೇರೆ ಕಾಲ ಇಲ್ಲ.

ಮೊದಲ ದಿನ ಪೂರ್ತಿ ಬಿಚ್ಚುವುದಕ್ಕೇ ಹೋಯಿತು. ಸೀಟು, ಬೆಲ್ಟಿನ ಬೋಲ್ಟು, ಜಾಕ್ ಪೆಟ್ಟಿಗೆ, ರಬ್ಬರ್ ಮ್ಯಾಟ್, ತಳಕ್ಕೆ ಅಂಟಿಕೊಂಡು ಹಾದುಹೋದ ವೈರು. ಈ ಜೀಪಿನಲ್ಲಿ ಡೀಸೆಲ್ ಟ್ಯಾಂಕು ಚಾಲಕನ ಸೀಟಿನ ಅಡಿಯಲ್ಲೇ ಇದೆ. ಅದನ್ನು ಕಳಚಿ ಬೇರೆ ಶೆಡ್ಡಿಗೆ ಸಾಗಿಸಿ, ಬ್ಯಾಟರಿ ತೆಗೆದಿಟ್ಟ ಮೇಲೆಯೇ ಗ್ರೈಂಡರನ್ನು ಕೈಗೆತ್ತಿಕೊಂಡೆ.

ಹಳೆಯ ಲೇಪನವನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ ಅಗಲ ಉಳಿಯಿಂದ ಎಬ್ಬಿಸಿದೆ. ಕೆಲವು ಕಡೆ ಅದು ತಗಡನ್ನು ಬಿಡಲೊಲ್ಲದು, ಬೆರಳಗಲ ಕೀಳಲು ಹತ್ತು ನಿಮಿಷ ಬೇಕಾಯಿತು. ಇನ್ನು ಕೆಲವು ಕಡೆ ಬಾಳೆಯ ಪಟ್ಟೆ ಸುಲಿದಂತೆ ಮೊಳದುದ್ದ ಒಟ್ಟಿಗೆ ಎದ್ದು ಬಂತು. ಹಾಗೆ ಬಂದ ಒಂದು ಹಾಳೆಯನ್ನು ತಿರುಗಿಸಿ ಬೆಳಕಿಗೆ ಹಿಡಿದೆ. ಅಡಿಭಾಗದಲ್ಲಿ ಕೆಮ್ಮಣ್ಣು, ಕಾಫಿ ಸಿಪ್ಪೆಯ ಚೂರು, ನಡುವೆ ಸಿಲ್ವರ್ ಓಕ್ ಮರದ ಒಂದು ಎಲೆ, ಅದರ ಸೀಳು ಸೀಳು ಅಂಚೂ ನರವೂ ಅಚ್ಚು ಒತ್ತಿದಂತೆ ಸ್ಪಷ್ಟವಾಗಿತ್ತು. ಎಲೆಯನ್ನು ಗುಡಿಸದೆ ಅದರ ಮೇಲೆಯೇ ಬಳಿದಿದ್ದರು. ನನಗೆ ಸಿಟ್ಟಿಗಿಂತ ಸಂಕಟವಾಯಿತು. ಆ ತಳದ ಮೇಲೆ ಕಾಲಿಟ್ಟುಕೊಂಡು ನನ್ನ ಮಕ್ಕಳು ಶಾಲೆಗೆ ಹೋಗಿದ್ದಾರೆ.

ಆಮೇಲೆ ತೊಳೆಯುವುದು. ಕ್ರಮ ತಪ್ಪುವುದು ಹೆಚ್ಚಾಗಿ ಇಲ್ಲೇ. ಜಿಡ್ಡು ತೆಗೆದ ಮೇಲೆ ಉಜ್ಜಬೇಕೇ ಹೊರತು ಉಜ್ಜಿದ ಮೇಲೆ ಜಿಡ್ಡು ತೆಗೆಯುವುದಲ್ಲ. ಎಣ್ಣೆಯಿರುವ ತಗಡನ್ನು ಉಜ್ಜಿದರೆ ಎಣ್ಣೆ ಪ್ರತಿ ಗೀರಿನೊಳಗೂ ಇಳಿಯುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ನಾರಿನ ಬ್ರಷ್ಷು ಹಿಡಿದು ಎರಡು ಸಲ ತೊಳೆದೆ. ಉಪ್ಪು ಹೋಗಬೇಕಾದರೆ ನೀರೇ ಬೇಕು, ಯಾವ ಥಿನ್ನರಿಗೂ ಪೊಟ್ಯಾಷ್ ಕರಗುವುದಿಲ್ಲ. ಒಣಗಿದ ನಂತರ ಜಿಡ್ಡು ತೆಗೆಯುವ ದ್ರಾವಣ ಬಳಸಿದೆ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದು ಕೈಯಲ್ಲಿ ಒಣ ಬಟ್ಟೆ. ಒದ್ದೆ ಬಟ್ಟೆಯಿಂದ ಒರೆಸಿದ ತಕ್ಷಣ, ಅದು ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಕೂರುತ್ತದೆ. ಸೀಮೆಎಣ್ಣೆಯಿಂದ ಒರೆಸುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ, ಅದು ತಾನೇ ಒಂದು ಪದರ ಎಣ್ಣೆ ಬಿಟ್ಟು ಹೋಗುತ್ತದೆ.

ಕೊಳೆತ ತಗಡನ್ನು ಕತ್ತರಿಸಿ ತೇಪೆ ಹಾಕುವ ಕೆಲಸ ನನ್ನ ಕೈಗೆ ಮೀರಿದ್ದು. ಊರಿನ ಹಿರಿಯ ಟಿಂಕರ್ ಒಬ್ಬರು ವೆಲ್ಡಿಂಗ್ ಸೆಟ್ಟು ತಂದು ಶೆಡ್ಡಿನಲ್ಲೇ ಮಾಡಿಕೊಟ್ಟರು. ಅವರು ತಳವನ್ನಿಡೀ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಒಳ್ಳೆಯ ತಗಡು ಕಂಚಿನ ತಟ್ಟೆಯಂತೆ ನುಡಿಯುತ್ತದೆ, ಸತ್ತದ್ದು ಮಂಕಾಗಿ ಸದ್ದು ಮಾಡುತ್ತದೆ. ಮಂಕು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರು. ನಾನು ಕಂಡಿದ್ದು ಎರಡು ಕಡೆ, ಅವರು ಕೇಳಿಸಿಕೊಂಡಿದ್ದು ಐದು ಕಡೆ. ತಳದ ಅಡಿಯ ಅಡ್ಡ ಚಾನಲ್ಲುಗಳಲ್ಲಿ ಗಟ್ಟಿ ಕಟ್ಟಿಕೊಂಡ ಮಣ್ಣನ್ನು ಕೆದಕಿ ತೋರಿಸಿ, "ಗೌಡರೇ, ಮೇಲೆ ಎಷ್ಟು ಬಳಿದರೇನು, ತುಕ್ಕು ಬರುವುದು ಇಲ್ಲಿಂದ. ನೀರು ಒಳಗೆ ಬರುವುದನ್ನು ತಡೆಯಲು ಆಗುವುದಿಲ್ಲ, ಹೊರಗೆ ಹೋಗುವ ದಾರಿ ಬಿಡಿ" ಎಂದರು. ಹಿಂದಿನವರು ತಳದ ನೀರುಗಂಡಿಗಳನ್ನೆಲ್ಲ ಲೇಪನದಿಂದ ಮುಚ್ಚಿಬಿಟ್ಟಿದ್ದರು. ಅವನ್ನು ಹುಡುಕಿ ಹುಡುಕಿ ಮತ್ತೆ ತೆರೆದೆವು.

ನನಗೆ ಅತಿ ಹೆಚ್ಚು ಕಾಟ ಕೊಟ್ಟಿದ್ದು ಹಳೆಯ ಎಂಜಿನ್ ಆಯಿಲ್. ಮಳೆಗಾಲದ ಮುಂಚೆ ಗಾಡಿಯ ಅಡಿಗೆಲ್ಲ ಸುಟ್ಟ ಆಯಿಲ್ ಹೊಡೆಯುವುದು ಅಪ್ಪನ ಪದ್ಧತಿ. ತಗಡು ಉಳಿಯಲು ಅದೂ ಒಂದು ಕಾರಣ, ಇಲ್ಲ ಎನ್ನುವುದಿಲ್ಲ. ಆದರೆ ಆ ಆಯಿಲ್ ಎರಡು ತಗಡು ಕೂಡುವ ಸಂದುಗಳಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಕಣ್ಣಿಗೆ ಸ್ವಚ್ಛವಾಗಿದ್ದ ಸಂದಿಗೆ ಹೀಟ್ ಗನ್ ಹಿಡಿದೆ. ಒಂದು ನಿಮಿಷವಾಗಿರಬಹುದು, ಸಂದಿನುದ್ದಕ್ಕೂ ಕಪ್ಪು ಗೆರೆಯೊಂದು ಮೂಡಿ, ಬೆವರಿನ ಹನಿಯಂತೆ ಎಣ್ಣೆ ಹೊರಬಂತು. ಒರೆಸಿದೆ, ಮತ್ತೆ ಬಿಸಿ ಮಾಡಿದೆ, ಮತ್ತೆ ಬಂತು. ಎರಡು ದಿನ ಬೇರೇನೂ ಮಾಡಲಿಲ್ಲ. ಬಿಸಿ ಮಾಡಿದಾಗ ಬಟ್ಟೆಗೆ ಕಲೆ ಹತ್ತದಷ್ಟು ಆದ ಮೇಲೆಯೇ ಆ ಸಂದನ್ನು ಬಿಟ್ಟೆ. ಬಿಸಿಲಿಗೆ ಗಾಡಿ ನಿಂತಾಗ ಇದೇ ಎಣ್ಣೆ ಮೇಲೆದ್ದು ಬಂದಿದ್ದರೆ ಹೊಸ ಲೇಪನದ ಗತಿ ಏನಾಗುತ್ತಿತ್ತೋ.

ಉಜ್ಜುವ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಗಟ್ಟಿಯಾಗಿ ಕೂತ ಕಂಪನಿ ಬಣ್ಣವನ್ನು ಕೀಳಬೇಕಾಗಿಲ್ಲ, 180 ನಂಬರಿನ ಉಜ್ಜುಕಾಗದದಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿದರೆ ಸಾಕು. ಹೊಳೆಯುವ ಒಂದು ಚುಕ್ಕೆಯೂ ಉಳಿಯಬಾರದು. ಗ್ರೈಂಡರ್ ತಲುಪದ ಮೂಲೆಗಳಿಗೆ ಬೆರಳೇ ಗತಿ. ತುಕ್ಕು ಇದ್ದಲ್ಲಿ ವೈರ್ ಬ್ರಷ್ ಮಾತ್ರ ಸಾಲದು, ಅದು ತುಕ್ಕಿಗೆ ಪಾಲಿಶ್ ಕೊಟ್ಟು ಹೊಳೆಯಿಸಿ ಮೋಸ ಮಾಡುತ್ತದೆ. ಗ್ರೈಂಡರಿಗೆ ಹಾಕುವ, ಉಜ್ಜುಕಾಗದದ ಪಟ್ಟಿಗಳಿರುವ 80 ನಂಬರಿನ ಫ್ಲಾಪ್ ಡಿಸ್ಕಿನಿಂದ ಬಿಳಿ ತಗಡು ಕಾಣುವ ತನಕ ಹೋಗಬೇಕು. ಪೊಟ್ಯಾಷ್ ಕೊರೆದ ಕುಳಿಗಳಿಗೆ ಮಾತ್ರ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಹಚ್ಚಿ, ಕಪ್ಪಾದ ಮೇಲೆ ತೊಳೆದು ಒಣಗಿಸಿದೆ.

ಬರಿ ತಗಡು ಕಂಡ ಮೇಲೆ ಮಲೆನಾಡು ನಮಗೆ ಸಮಯ ಕೊಡುವುದಿಲ್ಲ. ಪರೀಕ್ಷೆಗೆಂದು ಸಂಜೆ ಒಂದು ಮೂಲೆ ಉಜ್ಜಿಟ್ಟಿದ್ದೆ, ಬೆಳಿಗ್ಗೆ ಮಂಜು ಸರಿದಾಗ ಅಲ್ಲಿ ಚಹಾದ ಕಲೆಯಂತೆ ಕಂದು ಛಾಯೆ ಹಬ್ಬಿತ್ತು. ಆದ್ದರಿಂದ ಉಜ್ಜುವುದೂ ಲೇಪನದ ಅಡಿಗೆ ಬೇಕಾದ ಎಪಾಕ್ಸಿ ಪ್ರೈಮರ್ ಹಚ್ಚುವುದೂ ಒಂದೇ ದಿನ ನಡೆಯಬೇಕು. ತಗಡು ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬಿಸಿಯಿರಬೇಕು ಎಂಬುದು ಬಣ್ಣದ ಕೆಲಸದವರ ನಿಯಮ. ನಾನು ತೇವಮಾಪಕ ಇಟ್ಟುಕೊಂಡು ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರೊಳಗೆ ಕೆಲಸ ಮುಗಿಸಿದೆ.

ಪ್ರೈಮರಿಗೆ ಮುಂಚೆ ಒಂದು ಪರೀಕ್ಷೆ ಮಾಡಿದೆ. ಉಜ್ಜಿದ ತಗಡಿನ ಮೇಲೆ ಒಂದು ಚೊಂಬು ಶುದ್ಧ ನೀರು ಸುರಿದೆ. ನೀರು ಒಂದೇ ತೆಳು ಹಾಳೆಯಾಗಿ ಹರಡಿ ನಿಂತರೆ ಜಿಡ್ಡಿಲ್ಲ ಎಂದರ್ಥ. ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಅಲ್ಲಿ ಇನ್ನೂ ಎಣ್ಣೆಯಿದೆ. ಗೇರ್ ಬಾಕ್ಸಿನ ಪಕ್ಕ ಅಂಗೈಯಗಲ ಜಾಗದಲ್ಲಿ ನೀರು ಹಿಂದೆ ಸರಿದು ಹನಿಯಾಯಿತು. ಆ ಜಾಗವನ್ನು ಮತ್ತೆ ಮೊದಲಿನಿಂದ ಒರೆಸಿ ಉಜ್ಜಿದೆ. ಬೋರ್ಡೋಗೆ ಕುಡುಗೋಲು ಹೇಗೋ ಈ ಕೆಲಸಕ್ಕೆ ಆ ಚೊಂಬು ನೀರು. ಪರೀಕ್ಷೆ ಆದ ಕೂಡಲೇ ನೀರನ್ನು ಒರೆಸಿ ಬಿಸಿಗಾಳಿಯಿಂದ ತಗಡು ಒಣಗಿಸಬೇಕು, ಇಲ್ಲವಾದರೆ ಅದೇ ತುಕ್ಕಿಗೆ ಕಾರಣವಾಗುತ್ತದೆ.

ಪ್ರೈಮರ್ ಗಟ್ಟಿಯಾದ ಮರುದಿನ ಸಂದುಗಳಿಗೆಲ್ಲ ನೀರು ಇಳಿಯದಂತೆ ಮುಚ್ಚುವ ಸೀಮ್ ಸೀಲರ್ ತುಂಬಿದೆ. ಕೊನೆಯ ದಿನ ಪ್ರೈಮರನ್ನು ಹಗುರವಾಗಿ ಉಜ್ಜಿ, ಧೂಳು ಒರೆಸಿ, ಮುಚ್ಚಬೇಕಾದ್ದನ್ನು ಮುಚ್ಚಿದೆ. ಸೀಟಿನ ಬೋಲ್ಟು ಕೂರುವ ತಿರುಪಿನ ತೂತುಗಳಿಗೆ ಹಳೆಯ ಬೋಲ್ಟು ತಿರುಗಿಸಿಟ್ಟೆ. ನೀರುಗಂಡಿಗಳಿಗೆ ಕಾರ್ಕು ತುರುಕಿದೆ. ಗೇರ್ ಬಾಕ್ಸಿನ ಮೇಲಿನ ಮುಚ್ಚಳದ ತಗಡನ್ನು ಬಿಚ್ಚಿ ಬೇರೆಯಾಗಿಯೇ ಸಿದ್ಧಮಾಡಿ, ಬೇರೆಯಾಗಿಯೇ ಬಳಿದೆ. ಜೋಡಿಸಿಟ್ಟು ಬಳಿದಿದ್ದರೆ ಕ್ಲಚ್ ಕೆಲಸ ಬಂದ ದಿನ ಮೆಕ್ಯಾನಿಕ್ ಲೇಪನವನ್ನು ಸೀಳಿಯೇ ತೆಗೆಯಬೇಕಾಗುತ್ತಿತ್ತು, ಸೀಳಿದ ಅಂಚಿನಿಂದ ನೀರು ಇಳಿಯುತ್ತಿತ್ತು. ಲೇಪನಕ್ಕೆ ಗಟ್ಟಿಕಾರಕ (ಹಾರ್ಡನರ್) ಬೆರೆಸುವ ಮುನ್ನ ಒಂದು ಮಾತು: ಅದರಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಟದ ನಾಳಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕು ಪ್ರಯೋಜನವಿಲ್ಲ. ಸಾವಯವ ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕು, ಕೈಗವಸು, ಗಾಳಿಯಾಡುವ ಜಾಗ ಬೇಕೇ ಬೇಕು.

ಹತ್ತನೆಯ ದಿನ ರೋಲರಿನಲ್ಲಿ ಎರಡು ಪದರ ಬಳಿಯಲು ಅರ್ಧ ದಿನ ಹಿಡಿಯಿತು.

ಆಗಸ್ಟಿನಲ್ಲಿ, ಮಳೆ ಬಿಡದೆ ಹೊಡೆಯುತ್ತಿದ್ದಾಗ, ಕ್ಲಚ್ ಜಾರತೊಡಗಿ ಮೆಕ್ಯಾನಿಕ್ ಬಂದರು. ಮುಚ್ಚಳದ ತಿರುಪುಗಳು ಸ್ಪ್ಯಾನರಿಗೆ ಸಲೀಸಾಗಿ ಬಿಟ್ಟವು. ತೆಗೆದ ಮುಚ್ಚಳದ ಅಂಚನ್ನು ಬೆರಳಿನಿಂದ ಸವರಿ ನೋಡಿದೆ, ಲೇಪನ ಎಲ್ಲೂ ಎದ್ದಿರಲಿಲ್ಲ. ಹಿಂದಿನ ತೊಟ್ಟಿಯಲ್ಲಿ ಬಿದ್ದ ಮಳೆನೀರು ಗಂಡಿಯಿಂದ ಸಣ್ಣ ಧಾರೆಯಾಗಿ ನೆಲಕ್ಕೆ ಇಳಿಯುತ್ತಲೇ ಇತ್ತು.