ಹಾರ್ಮೋನಿಕಾದ ಕೋಂಬ್ ಬದಲಾಯಿಸಿ ನೋಡಿದೆ: ನನ್ನ ಅನುಭವ

ಹತ್ತು ತೂತಿನ ಹಾರ್ಮೋನಿಕಾ ನುಡಿಸುವವರು ಒಂದಲ್ಲ ಒಂದು ದಿನ ಕೋಂಬ್ ಬಗ್ಗೆ, ಅಂದರೆ ಬಾಚಣಿಗೆಯಂಥ ಹಲ್ಲುಗಳ ನಡುವೆ ಪ್ರತಿ ತೂತಿಗೂ ಗಾಳಿಯ ಕೋಣೆ ಇರುವ ನಡುಭಾಗದ ಬಗ್ಗೆ, ತಲೆ ಕೆಡಿಸಿಕೊಳ್ಳುತ್ತಾರೆ. ಮರದ್ದು ಇಂಪಾಗಿರುತ್ತಾ, ಅಲ್ಯೂಮಿನಿಯಂ ಹಾಕಿದರೆ ದನಿ ಚುರುಕಾಗುತ್ತಾ, ಹಿತ್ತಾಳೆ ಹಾಕಿದರೆ ಗಟ್ಟಿಯಾಗುತ್ತಾ ಅಂತ. ನಾನೂ ಕೆಡಿಸಿಕೊಂಡೆ. ಕೊನೆಗೆ ಒಂದೇ ಜೊತೆ ರೀಡ್ ಪ್ಲೇಟುಗಳನ್ನು (ದನಿ ಹುಟ್ಟಿಸುವ ತೆಳು ಲೋಹದ ನಾಲಿಗೆಗಳು, ಅಂದರೆ ರೀಡುಗಳು, ಕೂತಿರುವ ತಗಡುಗಳು) ಬೇರೆ ಬೇರೆ ಕೋಂಬಿಗೆ ಹಾಕಿ ನುಡಿಸಿ ನೋಡಿದೆ. ಸಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೋಂಬ್ ಯಾವುದರಿಂದ ಮಾಡಿದ್ದು ಅನ್ನೋದಕ್ಕಿಂತ ಅದು ಎಷ್ಟು ಸಮತಟ್ಟಾಗಿದೆ ಅನ್ನೋದು ಜಾಸ್ತಿ ಮುಖ್ಯ.

ನನ್ನದು ಸಿ ಶ್ರುತಿಯ ಮೆರೈನ್ ಬ್ಯಾಂಡ್. ಹೋನರ್ ಕಂಪನಿ 1896ರಿಂದ ಮಾಡುತ್ತಿರುವ ಮಾದರಿ. ನಡುವೆ ಪೇರ್ ಮರದ ಕೋಂಬ್, ಮೇಲೆ ಕೆಳಗೆ ಹಿತ್ತಾಳೆಯ ರೀಡ್ ಪ್ಲೇಟು, ಅವುಗಳ ಮೇಲೆ ತಗಡಿನ ಕವರ್. ಎಲ್ಲವನ್ನೂ ಸಣ್ಣ ಮೊಳೆ ಹೊಡೆದು ಕೂರಿಸಿರುತ್ತಾರೆ. ಎಂಜಲಿನ ತೇವ ಮರದೊಳಗೆ ಇಳಿದು ಕೋಂಬಿನ ಹಲ್ಲುಗಳು ಉಬ್ಬಿ ಮುಂದಕ್ಕೆ ಬಂದಿದ್ದವು. ತುಟಿ ಜಾರಿಸಿದರೆ ಒರಟಾಗಿ ತಾಗುತ್ತಿತ್ತು. ಅದಕ್ಕಿಂತ ಬೇಸರದ ವಿಷಯ ಎರಡನೇ ತೂತು. ಅಲ್ಲಿ ಉಸಿರು ಎಳೆದರೆ ಜಿ ಬರಬೇಕು, ಬೆಂಡ್ ಮಾಡಿದರೆ, ಅಂದರೆ ಬಾಯೊಳಗಿನ ಆಕಾರ ಬದಲಿಸಿ ಸ್ವರವನ್ನು ಕೆಳಗಿಳಿಸಿದರೆ, ಎಫ್ ಶಾರ್ಪ್, ಇನ್ನೂ ಇಳಿಸಿದರೆ ಎಫ್. ಮೂರನೇ ತೂತಿನಲ್ಲಿ ಬಿ ಇಂದ ಎ ಫ್ಲಾಟ್‌ವರೆಗೆ ಮೂರು ಅರ್ಧ ಸ್ವರ ಇಳಿಸಬಹುದು. ನನ್ನದರಲ್ಲಿ ಸ್ವರ ಬರುತ್ತಿತ್ತು, ಆದರೆ ಎಳೆದ ಗಾಳಿಯಲ್ಲಿ ಸುಮಾರು ಪಾಲು ಸುಮ್ನೆ ಸೋರಿಹೋಗುತ್ತಿತ್ತು. ನಿಧಾನದ ಹಾಡಿನಲ್ಲಿ ಒಂದು ಸ್ವರ ಹಿಡಿದಿಡುವಷ್ಟರಲ್ಲಿ ಉಸಿರು ಸಾಲುತ್ತಿರಲಿಲ್ಲ.

ಬಿಚ್ಚುವುದು ತಾಳ್ಮೆಯ ಕೆಲಸ. ತೆಳು ಅಲಗನ್ನು ಕವರಿನ ಕೆಳಗೆ ತೂರಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗಬೇಕು. ಪ್ಲೇಟನ್ನೂ ಹಾಗೆಯೇ. ಒಂದೇ ಕಡೆ ಜೋರಾಗಿ ಮೀಟಿದರೆ ಹಿತ್ತಾಳೆ ಬಾಗುತ್ತದೆ, ಆಮೇಲೆ ಎಂಥ ಕೋಂಬ್ ಹಾಕಿದರೂ ಪ್ರಯೋಜನ ಇಲ್ಲ. ಇನ್ನೊಂದು ಗಮನಿಸಿ: ಊದುವ ರೀಡುಗಳು ಮೇಲಿನ ಪ್ಲೇಟಿನ ಒಳಗಡೆ, ಅಂದರೆ ಕೋಂಬಿನ ಕಡೆಗೆ ಇರುತ್ತವೆ. ಎಳೆಯುವ ರೀಡುಗಳು ಕೆಳಗಿನ ಪ್ಲೇಟಿನ ಹೊರಗಡೆ. ಅಲಗು ಒಳಕ್ಕೆ ಜಾಸ್ತಿ ಹೋದರೆ ಊದುವ ರೀಡಿಗೇ ಪೆಟ್ಟು.

ಹಳೇ ಕೋಂಬಿನ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದೆ. ನಡುಭಾಗದಲ್ಲಿ ಸಣ್ಣ ಗೆರೆಯಾಗಿ ಬೆಳಕು ಕಂಡಿತು. ಗಾಳಿ ಸೋರುತ್ತಿದ್ದ ದಾರಿ ಅದೇ. ಪ್ಲೇಟು ಮತ್ತು ಕೋಂಬಿನ ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೂ ಒಂದು ಕೋಣೆಯ ಗಾಳಿ ಪಕ್ಕದ ಕೋಣೆಗೆ ನುಗ್ಗುತ್ತದೆ.

ಹಾಗಾಗಿ ಹೊಸದನ್ನು ಹಾಕುವ ಮೊದಲು ಹಳೇದನ್ನೇ ಸರಿಮಾಡಿದೆ. ದಪ್ಪ ಗಾಜಿನ ಮೇಲೆ 320ರ ಸ್ಯಾಂಡ್‌ಪೇಪರ್ ಅಂಟಿಸಿ, ಕೋಂಬಿನ ಮೈಮೇಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದೆ. ಒಂದೇ ದಿಕ್ಕಿಗೆ, ಹಗುರವಾಗಿ ಉಜ್ಜಬೇಕು. ಬೆರಳು ಆದಷ್ಟು ಕೆಳಗೆ, ಕಾಗದಕ್ಕೆ ಹತ್ತಿರ ಇರಲಿ. ಮೇಲೆ ಹಿಡಿದು ತಳ್ಳಿದರೆ ಕೋಂಬ್ ತೂಗಾಡಿ ಅಂಚುಗಳು ಜಾಸ್ತಿ ಸವೆಯುತ್ತವೆ. ಕೆಲವು ಎಳೆತಕ್ಕೊಮ್ಮೆ ಕೋಂಬನ್ನು ಎಡಬಲ ತಿರುಗಿಸುತ್ತಿದ್ದೆ. ಮೊದಲು ಎರಡೂ ತುದಿಯ ಗೆರೆ ಮಾಯವಾಯಿತು, ನಡುವಿನದು ಹಾಗೇ ಉಳಿಯಿತು. ಎಲ್ಲಿ ತಗ್ಗಿದೆ ಅಂತ ಪೆನ್ಸಿಲ್ಲೇ ತೋರಿಸಿಕೊಡುತ್ತದೆ. ಕೊನೆಯ ಗೆರೆಯೂ ಹೋದ ಮೇಲೆ 600ರ ಕಾಗದದಲ್ಲಿ ನುಣುಪು ಮಾಡಿದೆ. ಹಲ್ಲಿನ ತುದಿಗಳನ್ನು ಮಡಚಿದ ಕಾಗದದಿಂದ ಗುಂಡಗೆ ಮಾಡಿದೆ. ಇದು ಸಣ್ಣ ಕೆಲಸ, ಆದರೆ ತುಟಿಗೆ ಸಿಗುವ ಸುಖ ಇದರಿಂದಲೇ.

ಮರವಾದರೆ ತೇವ ಒಳಗೆ ಇಳಿಯದಂತೆ ತಡೆಯಬೇಕು. ನಾನು ಜೇನುಮೇಣವನ್ನು ಬಾಯಿಗೆ ಹೋದರೂ ತೊಂದರೆಯಿಲ್ಲದ ಮಿನರಲ್ ಎಣ್ಣೆಯಲ್ಲಿ ಕರಗಿಸಿ ಬೆಚ್ಚಗಿರುವಾಗಲೇ ಹಚ್ಚಿದೆ. ಕೋಣೆಗಳ ಒಳಗೋಡೆಗೂ ಹಚ್ಚಬೇಕು, ತೇವ ನಿಲ್ಲುವುದು ಅಲ್ಲೇ ಅಲ್ವಾ. ಹೀರಿಕೊಂಡ ಮೇಲೆ ಒರೆಸಿ, ಸಮತಟ್ಟಾಗಿದೆಯಾ ಅಂತ ಮತ್ತೊಮ್ಮೆ ಸ್ಕೇಲಿಟ್ಟು ನೋಡಿದೆ. ಬಾಯಿಗೆ ಹೋಗುವ ವಸ್ತು ಇದು, ಮರಗೆಲಸದ ಸಾಮಾನ್ಯ ಪಾಲಿಶ್ ಬೇಡವೇ ಬೇಡ.

ಮೊಳೆಯ ಬದಲು ಸ್ಕ್ರೂ ಹಾಕಿದೆ, ಬೇಕೆಂದಾಗ ಬಿಚ್ಚಲು ಸುಲಭವಾಗಲಿ ಅಂತ. ಮೇಲಿನ ಪ್ಲೇಟಿನಲ್ಲಿ ತೂತು ಕೊರೆದು, ಕೆಳಗಿನ ಪ್ಲೇಟಿನ ತೂತಿಗೆ ಥ್ರೆಡ್ ಹಾಕಿದೆ. ಕೊರೆದಾಗ ತೂತಿನ ಸುತ್ತ ಹಿತ್ತಾಳೆಯ ಚೂಪು ಅಂಚು ಏಳುತ್ತದೆ. ಅದು ಕಣ್ಣಿಗೆ ಕಾಣದಷ್ಟಿದ್ದರೂ ಪ್ಲೇಟನ್ನು ಕೋಂಬಿನಿಂದ ಎತ್ತಿಬಿಡುತ್ತದೆ. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ಹಿಡಿದು ತಿರುಗಿಸಿದರೆ ಆ ಅಂಚು ಹೋಗುತ್ತದೆ. ಆಮೇಲೆ ಪ್ಲೇಟನ್ನು ಚೆನ್ನಾಗಿ ತೊಳೆದೆ. ರೀಡಿಗೂ ಅದರ ಸೀಳಿಗೂ ನಡುವಿನ ಅಂತರ ಎಷ್ಟು ಕಡಿಮೆ ಅಂದರೆ ಒಂದು ಚೂರು ಲೋಹದ ಪುಡಿ ಸಿಕ್ಕಿಕೊಂಡರೂ ಸ್ವರ ನಿಂತುಹೋಗುತ್ತದೆ.

ಜೋಡಿಸಿ ನುಡಿಸಿದೆ. ಎರಡನೇ ತೂತು ಮೆಲ್ಲಗೆ ಎಳೆದರೂ ತುಂಬಿ ಬಂತು. ಬೆಂಡನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸಲು ಬಾಯೊಳಗಿನ ಸಣ್ಣ ಚಲನೆ ಸಾಕಾಯಿತು, ಉಸಿರಿನ ಜೋರು ಬೇಕಾಗಲಿಲ್ಲ. ಅದೇ ಮರ, ಅದೇ ರೀಡು!

ಆಮೇಲೆ ಇದೇ ಮಾದರಿಗೆಂದೇ ಮಾಡಿದ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಕೋಂಬ್ ಒಂದು, ಅಕ್ರಿಲಿಕ್ ಕೋಂಬ್ ಒಂದು ತಂದು, ಅದೇ ಪ್ಲೇಟುಗಳನ್ನು ಒಂದಾದ ಮೇಲೊಂದರಂತೆ ಹಾಕಿದೆ. ನುಡಿಸುವಾಗ ವ್ಯತ್ಯಾಸ ಗೊತ್ತಾಗುತ್ತದೆ, ಅದು ಸುಳ್ಳಲ್ಲ. ಲೋಹ ಭಾರ, ಮೊದಲಿಗೆ ತುಟಿಗೆ ತಣ್ಣಗೆ. ಅಕ್ರಿಲಿಕ್ ಮೇಲೆ ತುಟಿ ಸಲೀಸಾಗಿ ಜಾರುತ್ತದೆ. ಬೆರಳಿಗೆ ಸಿಗುವ ಕಂಪನವೂ ಬೇರೆ ಬೇರೆ. ಆದರೆ ಗೆಳೆಯನ ಕೈಗೆ ಕೊಟ್ಟು, ನಾನು ಬೆನ್ನು ತಿರುಗಿಸಿ ಕೂತು ಕೇಳಿದಾಗ ಯಾವುದು ಯಾವುದು ಅಂತ ಹೇಳಲಾಗಲಿಲ್ಲ. ಸಮತಟ್ಟು ಮಾಡಿದ ಹಳೇ ಮರ ಕೂಡ ಅವುಗಳ ಸಾಲಿನಲ್ಲೇ ನಿಂತಿತು.

ಯೋಚಿಸಿದರೆ ಕಾರಣ ಇದೆ. ಗಿಟಾರಿನಲ್ಲಿ ಮರದ ಹಲಗೆಯೇ ಕಂಪಿಸಿ ದನಿಯನ್ನು ಹೊರಗೆ ಹರಡುತ್ತದೆ. ಹಾರ್ಮೋನಿಕಾದಲ್ಲಿ ರೀಡು ಗಾಳಿಯ ಹರಿವನ್ನು ತಡೆದು ಬಿಟ್ಟು ಮಾಡುವುದರಿಂದಲೇ ದನಿ ಹುಟ್ಟುತ್ತದೆ. ಅಷ್ಟು ಸಣ್ಣ ರೀಡಿಗೆ ಕೋಂಬಿನ ಗೋಡೆಯನ್ನು ಲೆಕ್ಕಕ್ಕೆ ಬರುವಷ್ಟು ಅಲುಗಿಸುವ ಶಕ್ತಿ ಇಲ್ಲ. ಕೋಂಬಿನ ಕೆಲಸ ಗಾಳಿಯನ್ನು ಸೋರದಂತೆ ರೀಡಿಗೆ ತಲುಪಿಸುವುದು. ದುಬಾರಿ ಕೋಂಬ್ ಹಾಕಿದ ತಕ್ಷಣ ದನಿ ಅರಳಿತು ಅನ್ನುವವರು ಹೇಳೋದೂ ನಿಜವೇ. ಯಂತ್ರದಲ್ಲಿ ಕಡೆದ ಕೋಂಬ್ ಸಮತಟ್ಟಾಗಿ ಬರುತ್ತದೆ, ಹಳೇದು ಹಾಗಿರಲಿಲ್ಲ, ಅಷ್ಟೇ.

ನಾನು ಈಗ ದಿನವೂ ನುಡಿಸುವುದು ಅಕ್ರಿಲಿಕ್ ಹಾಕಿದ್ದನ್ನು. ತೇವಕ್ಕೆ ಉಬ್ಬುವುದಿಲ್ಲ, ತೊಳೆಯುವುದು ಸುಲಭ. ನಿಮ್ಮದು ಪ್ಲಾಸ್ಟಿಕ್ ಕೋಂಬಿನ ಸ್ಪೆಷಲ್ 20 ಆಗಿದ್ದರೆ ಮೆರೈನ್ ಬ್ಯಾಂಡಿನ ಕೋಂಬ್ ಅದಕ್ಕೆ ಕೂರುವುದಿಲ್ಲ. ಅದರಲ್ಲಿ ಪ್ಲೇಟುಗಳು ಕೋಂಬಿನ ಒಳಗೆ ಹುದುಗಿರುತ್ತವೆ. ಮಾದರಿ ನೋಡಿಯೇ ಕೊಳ್ಳಿ. ಕೊಳ್ಳುವ ಮೊದಲು ಈಗಿರುವುದರ ಮೇಲೆ ಸ್ಕೇಲ್ ಇಟ್ಟು ಬೆಳಕು ಕಾಣುತ್ತಾ ನೋಡಿ.

ಸ್ಕ್ರೂ ಬಿಗಿಯುವಾಗ ನಡುವಿನದರಿಂದ ಶುರು ಮಾಡಿ, ಎರಡೂ ಬದಿಗೆ ಹೋಗಿ. ಎಲ್ಲವನ್ನೂ ಮೊದಲು ಅರ್ಧ ಬಿಗಿದು, ಆಮೇಲೆ ಪೂರ್ತಿ. ಗಟ್ಟಿಯಾಗಿ ಕೂತಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಅದಕ್ಕೂ ಮೇಲೆ ತಿರುಗಿಸಿದರೆ ಪ್ಲೇಟು ಸ್ಕ್ರೂಗಳ ನಡುವೆ ಉಬ್ಬಿ ಮತ್ತೆ ಸಂದಿ ಬಿಡುತ್ತದೆ. ಕೆಲವು ದಿನ ನುಡಿಸಿದ ಮೇಲೆ ಇನ್ನೊಮ್ಮೆ ಸ್ಕ್ರೂಗಳನ್ನು ಪರೀಕ್ಷಿಸಿ, ಮರದ ಕೋಂಬ್ ಆದರಂತೂ ತಪ್ಪದೆ.